ಎಸ್‌ಕ್ಯೂಎಲ್ ಸ್ಕ್ರಿಪ್ಟ್‌ನ ವೇರಿಯಬಲ್: ಎರರ್ ಕೊಡದೆ ಲೆಕ್ಕ ಕೆಡಿಸುವ ಜಾಗಗಳು

ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡಿಕ್ಲೇರ್ ಮಾಡದ (ಹೆಸರು, ಬಗೆ ಮೊದಲೇ ಹೇಳಿರದ) ವೇರಿಯಬಲ್ ಬಳಸಿದರೆ 137ನೇ ನಂಬರಿನ ಎರರ್ ಕೂಡಲೇ ಬರುತ್ತದೆ. ಡಿಕ್ಲೇರ್‌ಗೂ ಬಳಕೆಗೂ ನಡುವೆ ‘ಗೋ’ (ಸ್ಕ್ರಿಪ್ಟನ್ನು ಬ್ಯಾಚ್ ಎಂಬ ತುಂಡುಗಳಾಗಿ ಒಡೆಯುವ ಸಾಲು) ಇದ್ದರೂ ಅದೇ ಎರರ್. ವೇರಿಯಬಲ್ ಬದುಕುವುದು ಒಂದು ಬ್ಯಾಚ್‌ನೊಳಗೆ ಮಾತ್ರ, ಗೋ ದಾಟಿದ ಮೇಲೆ ಮತ್ತೆ ಡಿಕ್ಲೇರ್ ಮಾಡಬೇಕು. ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು, ಐದು ನಿಮಿಷದಲ್ಲಿ ಸರಿಹೋಗುತ್ತವೆ. ಎಚ್ಚರ ಬೇಕಿರುವುದು ಎರರ್ ಬಾರದ ಕಡೆ.

ಡಿಕ್ಲೇರ್‌ನಲ್ಲಿ ಅಳತೆ ಕೊಡದೆ ಬರೀ ‘ಎನ್‌ವಾರ್‌ಚಾರ್’ (ಪಠ್ಯ ಇಡುವ ಬಗೆ) ಎಂದು ಬರೆದರೆ ಸಿಗುವುದು 1 ಅಕ್ಷರದ ಜಾಗ. ‘ಧಾರವಾಡ’ ಹಾಕಿದರೆ ‘ಧ’ ಉಳಿಯುತ್ತದೆ, ದೀರ್ಘವೂ ಹೋಗುತ್ತದೆ. ಬಗೆ ಬದಲಿಸುವ ‘ಕಾಸ್ಟ್’ ಫಂಕ್ಷನ್‌ನಲ್ಲಿ ಅಳತೆ ಬಿಟ್ಟರೆ ಅದೇ 30 ಆಗುವುದರಿಂದ ಗೊಂದಲ ಇನ್ನೂ ಹೆಚ್ಚು.

ನನ್ನ ಪ್ರಕಾರ ಅತಿ ಹೆಚ್ಚು ಹಾನಿ ಮಾಡುವುದು ಲೂಪ್‌ನೊಳಗಿನ ಸೆಲೆಕ್ಟ್. ಒಬ್ಬೊಬ್ಬ ಗ್ರಾಹಕರ ಬಾಕಿಯನ್ನು ‘ಸೆಲೆಕ್ಟ್ @ಬಾಕಿ = ಮೊತ್ತ’ ಎಂದು ಟೇಬಲ್‌ನಿಂದ ತೆಗೆಯುತ್ತಿದ್ದೀರಿ ಎನ್ನಿ. ಒಬ್ಬರಿಗೆ ರೋ (ಟೇಬಲ್‌ನ ಸಾಲು) ಇಲ್ಲದಿದ್ದರೆ ವೇರಿಯಬಲ್‌ಗೆ ಅಸೈನ್‌ಮೆಂಟ್ ನಡೆಯುವುದೇ ಇಲ್ಲ, ಹಿಂದಿನವರ ಬಾಕಿ ಹಾಗೇ ಉಳಿದು ಇವರ ಖಾತೆಗೆ ಬೀಳುತ್ತದೆ. ಡಿಕ್ಲೇರ್ ಅನ್ನು ಲೂಪ್‌ನೊಳಗೆ ಬರೆದರೂ ಪ್ರತಿ ಸುತ್ತಿಗೆ ಹೊಸ ವೇರಿಯಬಲ್ ಹುಟ್ಟುವುದಿಲ್ಲ. ಸುತ್ತಿನ ಮೊದಲ ಸಾಲಿನಲ್ಲೇ ‘ಸೆಟ್ @ಬಾಕಿ = ನಲ್’ (ನಲ್ ಎಂದರೆ ಏನೂ ಇಲ್ಲ ಎಂಬ ಗುರುತು) ಎಂದು ಬರೆಯಿರಿ. ರೋ ಒಂದಕ್ಕಿಂತ ಹೆಚ್ಚಿದ್ದರೆ ಸೆಲೆಕ್ಟ್ ಯಾವುದೋ ಒಂದು ಬೆಲೆಯನ್ನು (ವ್ಯಾಲ್ಯೂ) ಸುಮ್ಮನೆ ಇಟ್ಟುಕೊಳ್ಳುತ್ತದೆ.

ಅದರ ಬದಲು ಸೆಟ್ ಬಳಸಿ, ಸಬ್‌ಕ್ವೆರಿಯನ್ನು (ಒಳಗಿನ ಸೆಲೆಕ್ಟ್) ಬ್ರ್ಯಾಕೆಟ್‌ನಲ್ಲಿ ಕೊಡಿ. ರೋ ಇಲ್ಲದಿದ್ದರೆ ನಲ್, ಎರಡಿದ್ದರೆ 512ನೇ ಎರರ್. ಹಣದ ವಿಷಯದಲ್ಲಿ ಸ್ಕ್ರಿಪ್ಟ್ ನಿಂತುಹೋಗುವುದೇ ಒಳ್ಳೆಯದು. ನಲ್ ಬಂದಾಗ ಕೂಡಿಸುವ ಮೊದಲು ಪರೀಕ್ಷಿಸಿ, ಏಕೆಂದರೆ ನಲ್‌ಗೆ ಏನು ಕೂಡಿಸಿದರೂ ನಲ್ಲೇ. ಒಂದೇ ಟೇಬಲ್‌ನಿಂದ ನಾಲ್ಕೈದು ಕಾಲಮ್ ಬೇಕಾದಾಗ ಮಾತ್ರ ಸೆಲೆಕ್ಟ್ ಅನುಕೂಲ. ಆಗ ಮರುಸಾಲಿನಲ್ಲೇ @@ರೋಕೌಂಟ್ (ಹಿಂದಿನ ಸ್ಟೇಟ್‌ಮೆಂಟ್‌ಗೆ ಸಿಕ್ಕ ರೋಗಳ ಸಂಖ್ಯೆ) 1 ಇದೆಯೇ ನೋಡಿ. ನಡುವೆ ಬೇರೆ ಸ್ಟೇಟ್‌ಮೆಂಟ್ ಬಂದರೆ ಆ ಸಂಖ್ಯೆ ಬದಲಾಗುತ್ತದೆ.

ಡೈನಾಮಿಕ್ ಎಸ್‌ಕ್ಯೂಎಲ್‌ಗೆ (ಸ್ಟ್ರಿಂಗ್ ಆಗಿ ಕಟ್ಟಿ ಓಡಿಸುವ ಕ್ವೆರಿ) ಹೊರಗಿನ ವೇರಿಯಬಲ್ ಕಾಣುವುದಿಲ್ಲ. ಬೆಲೆಯನ್ನು ಸ್ಟ್ರಿಂಗ್‌ಗೆ ಅಂಟಿಸಿದರೆ ಇಂಜೆಕ್ಷನ್‌ಗೆ (ಹೊರಗಿನವರು ತಮ್ಮ ಆದೇಶ ತೂರಿಸುವ ದಾಳಿ) ಬಾಗಿಲು ತೆರೆದಂತೆ, ಆದ್ದರಿಂದ ಎಸ್‌ಪಿ_ಎಕ್ಸಿಕ್ಯೂಟ್‌ಎಸ್‌ಕ್ಯೂಎಲ್ ಮೂಲಕ ಪ್ಯಾರಾಮೀಟರ್ ಆಗಿ ಕಳಿಸಿ.

ಇನ್ನು ವೇಗ. ಕ್ವೆರಿ ಓಡಿಸುವ ದಾರಿಯಾದ ಪ್ಲಾನ್ ತಯಾರಾಗುವಾಗ ವೇರಿಯಬಲ್‌ನೊಳಗೆ ಏನಿದೆ ಎಂಬುದು ಅದನ್ನು ಆರಿಸುವ ಆಪ್ಟಿಮೈಜರ್‌ಗೆ ಗೊತ್ತಿರುವುದಿಲ್ಲ. ‘ದಿನಾಂಕ > @ಆರಂಭ’ ಎಂಬಂಥ ಷರತ್ತಿಗೆ ಟೇಬಲ್‌ನ ಶೇ. 30ರಷ್ಟು ರೋ ಬರಬಹುದೆಂದು ಅಂದಾಜಿಸುತ್ತದೆ. ನಿನ್ನೆಯ ನೂರು ರೋ ಕೇಳಿದರೂ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಬಿಟ್ಟು ಇಡೀ ಟೇಬಲ್ ಓದುವುದು ಇದರಿಂದಲೇ. ಆ ಒಂದು ಕ್ವೆರಿಯ ಕೊನೆಗೆ ‘ಆಪ್ಷನ್ (ರೀಕಂಪೈಲ್)’ ಸೇರಿಸಿದರೆ ನಿಜವಾದ ಬೆಲೆ ನೋಡಿ ಪ್ಲಾನ್ ಮಾಡುತ್ತದೆ. ಸೆಕೆಂಡಿಗೆ ನೂರಾರು ಸಲ ಓಡುವ ಕ್ವೆರಿಗೆ ಮಾತ್ರ ಹಾಕಬೇಡಿ, ಪ್ರತಿ ಸಲವೂ ಕಂಪೈಲ್ ಆಗಿ ಸಿಪಿಯು ಮೇಲೆ ಹೊರೆ ಬೀಳುತ್ತದೆ.