ಮೋರಿ ಪೈಪಿನ ಕೆಳಗೆ ಎರಡು ಗೇಣು

ಸಕಲೇಶಪುರದ ಹತ್ತಿರ ಹೇಮಾವತಿಗೆ ಸೇರುವ ಒಂದು ಹಳ್ಳದಲ್ಲಿ ನನ್ನ ಕೆಲಸ. ದಡದಲ್ಲಿ ನಮ್ಮ ಕಾಡಿನ ಮರ ಬೆಳೆಸಬೇಕು, ನಮ್ಮ ಹೊಳೆಮೀನಿಗೆ ಮತ್ತೆ ಜಾಗ ಮಾಡಿಕೊಡಬೇಕು.

ಮೊದಲ ಬೇಸಿಗೆಯಲ್ಲಿ ಹಳ್ಳ ಕ್ಲೀನ್ ಮಾಡಿಸಿದೆ. ಬಿದ್ದ ಮರ, ಕೊಂಬೆ, ದರಗು ಎಲ್ಲ ಎಳೆಸಿ ಹಾಕಿದೆ. ಅದು ದೊಡ್ಡ ತಪ್ಪು. ಕೆಲಸಕ್ಕೆ ಬರುತ್ತಿದ್ದ ಅಜ್ಜಿಯೊಬ್ಬರು ನೋಡಿ, "ಎಲ್ಲ ಬಾಚಿ ಹಾಕಿದ್ರೆ ಮೀನು ಎಲ್ಲಿ ಅಡಗ್ಬೇಕು ಮಗಾ?" ಅಂದರು. ದರಗಿನಲ್ಲಿ ಹುಳ ಇರುತ್ತದೆ, ಅದೇ ಮೀನಿಗೆ ಊಟ. ಮರ ಬಿದ್ದ ಕಡೆ ಗುಂಡಿಯಾಗಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ಉಳಿದಿದ್ದ ದಿಮ್ಮಿಗಳನ್ನು ವಾಪಸ್ ಹಾಕಿಸಿದೆ. ದಡದಲ್ಲಿ ಹೊಳೆಮತ್ತಿ, ನೇರಳೆ, ವಾಟೆ ನೆಟ್ಟೆವು.

ಜೂನ್‌ನಲ್ಲಿ ಮೊದಲ ಜೋರು ಮಳೆ ಬಂದ ರಾತ್ರಿ ಅಜ್ಜಿಯೇ ನನ್ನನ್ನು ರಸ್ತೆಯ ಮೋರಿ ಹತ್ತಿರ ಕರೆದುಕೊಂಡು ಹೋದರು. ಆ ಮಳೆಗೆ ಮೀನು ಹೊಳೆಯಿಂದ ಹಳ್ಳ ಹಿಡಿದು, ಮೊಟ್ಟೆ ಇಡಲು ಗದ್ದೆ ಕಡೆ ಹತ್ತುತ್ತದೆ. ಮಲೆನಾಡಿನಲ್ಲಿ ಅದಕ್ಕೆ ಹತ್ತುಮೀನು ಅಂತಲೇ ಹೆಸರು. ಟಾರ್ಚ್ ಬಿಟ್ಟು ನೋಡಿದೆ. ಪೈಪಿನ ಬಾಯಿ ನೀರಿನಿಂದ ಎರಡು ಗೇಣು ಮೇಲಿತ್ತು. ಕೆಂಡೆ ಮೀನುಗಳು ಹಾರುತ್ತವೆ, ಸಿಮೆಂಟಿಗೆ ಬಡಿದು ಬೀಳುತ್ತವೆ, ಮತ್ತೆ ಹಾರುತ್ತವೆ. ಹೊಟ್ಟೆ ತುಂಬ ಮೊಟ್ಟೆ. ನನಗೆ ಅಳು ಬಂತು.

ಪೈಪ್ ಹಾಕಿದಾಗ ಮಟ್ಟವಾಗಿಯೇ ಇತ್ತಂತೆ. ಆದರೆ ಅಗಲದ ಹಳ್ಳವನ್ನು ಸಣ್ಣ ಪೈಪಿಗೆ ತುರುಕಿದರೆ ನೀರು ರಭಸವಾಗಿ ಹೊರಗೆ ಬಂದು ಕೆಳಗಿನ ನೆಲ ಕೊರೆಯುತ್ತದೆ. ವರ್ಷ ವರ್ಷ ಹಳ್ಳ ಇಳಿಯಿತು, ಪೈಪ್ ಅಲ್ಲೇ ಉಳಿಯಿತು. ಕೆಳಗೆ ಹೇಮಾವತಿಗೆ ಅಡ್ಡ ಕಟ್ಟಿದ ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿದ ಮೇಲೆ ಕಾವೇರಿ ಕಡೆಯ ಮೀನು ಇಲ್ಲಿಗೆ ಹತ್ತಿ ಬರುವಂತಿಲ್ಲ. ಮೇಲಿರುವ ಮೀನಿಗೆ ಇಂಥ ಹಳ್ಳಗಳೇ ಗತಿ, ಅಲ್ವಾ?

ಆ ವಾರವೇ ಪೈಪಿನ ಕೆಳಗೆ ದೊಡ್ಡ ಕಲ್ಲುಗಳನ್ನು ಮೆಟ್ಟಿಲಿನ ಹಾಗೆ ಇಟ್ಟು ನೀರಿನ ಮಟ್ಟ ಏರಿಸಿದೆವು. ಕೆಲವು ಹತ್ತಿದವು. ಪೈಪಿನೊಳಗಿನ ರಭಸಕ್ಕೆ ಜಾಸ್ತಿ ಮೀನು ಸೋತವು. ಮುಂದಿನ ಬೇಸಿಗೆಯಲ್ಲಿ ಪೈಪ್ ಕಿತ್ತು, ಹಳ್ಳದಷ್ಟೇ ಅಗಲಕ್ಕೆ ಕಲ್ಲು ಚಪ್ಪಡಿ ಹಾಸಿದೆವು. ಅಡಿಯಲ್ಲಿ ಹಳ್ಳದ ಮರಳು, ಕಲ್ಲು ಹಾಗೇ ಇದೆ.

ಆ ಜೂನ್‌ನಲ್ಲಿ ಗದ್ದೆಯ ತೆಳು ನೀರಿನಲ್ಲಿ ಮೀನಿನ ಬೆನ್ನು ಕಂಡವು. ಈಗ ಹೊಸ ಹಳ್ಳಕ್ಕೆ ಹೋದರೆ ಒಂದು ಮಳೆಗಾಲ ನೋಡದೆ ಹಾರೆ ಮುಟ್ಟುವುದಿಲ್ಲ. ಈ ಹಳ್ಳದಲ್ಲೇ ಮೇಲೆ ಇನ್ನೂ ಎರಡು ಪೈಪ್ ತೆಗೆಯುವುದಿದೆ.