ಮೇ ತಿಂಗಳಲ್ಲಿ ಕಲಬುರಗಿಗೆ ಯಾಕೆ ಹೋಗ್ತೀಯ?

ಪರೀಕ್ಷೆ ಮುಗಿದು ಬ್ಯಾಗ್ ಕಟ್ಟಲು ಕೂತರೆ ಸಾಕು, ಬೆಂಗಳೂರಿನ ಹಾಸ್ಟೆಲ್ ಗೆಳೆಯರು ಇದನ್ನೇ ಕೇಳುತ್ತಾರೆ. "ಆ ಬಿಸಿಲಿಗೆ ಯಾಕೋ ಹೋಗ್ತೀಯ? ಇಲ್ಲೇ ಇದ್ದು ಒಂದು ಇಂಟರ್ನ್‌ಶಿಪ್ ಮಾಡು, ದಸರೆಗೆ ಊರಿಗೆ ಹೋದರಾಯ್ತು." ಮೇನಲ್ಲಿ ನಮ್ಮ ಕಡೆ 42, 43 ಡಿಗ್ರಿ ಮಾಮೂಲು. ಆದರೂ ನನಗೆ ಊರಿಗೆ ಹೋಗಬೇಕಾದದ್ದು ಬೇಸಿಗೆಯಲ್ಲೇ.

ನಮ್ಮಪ್ಪ ಸರ್ಕಾರಿ ನೌಕರ. ಬೇರೆ ತಿಂಗಳಲ್ಲಿ ಬೆಳಗ್ಗೆ ಹೋದವರು ಮನೆ ಸೇರುವಾಗ ದೀಪ ಹಚ್ಚಿರುತ್ತಾರೆ. ಆದರೆ ಏಪ್ರಿಲ್, ಮೇನಲ್ಲಿ ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗೀತು. ವಾರದ ದಿನ ಅಪ್ಪ ನಮ್ಮ ಜೊತೆ ಮಧ್ಯಾಹ್ನದ ಊಟಕ್ಕೆ ಕೂರುವುದು ಆಗ ಮಾತ್ರ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಊಟ ಆದಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಶಹಾಬಾದ್ ಪರಸಿಯ ನೆಲಕ್ಕೆ ಒಂದಿಷ್ಟು ನೀರು ಚಿಮುಕಿಸಿ, ಕೂಲರ್ ಹಾಕಿ, ಎಲ್ಲರೂ ಒಂದೇ ಕೋಣೆಯಲ್ಲಿ ಅಡ್ಡಾಗುತ್ತೇವೆ. ಆಗ ಅಪ್ಪ ಮಾತಾಡುತ್ತಾರೆ. ಫೋನಿನಲ್ಲಿ "ಊಟ ಆಯ್ತಾ, ರೊಕ್ಕ ಬೇಕಾ" ಬಿಟ್ಟರೆ ಮುಂದೆ ಮಾತಿರಲ್ಲ. ಇಲ್ಲಾದರೆ ತಾವು ಓದುವಾಗ ಯಾರ ಮನೆಯಲ್ಲಿ ಉಳಿದಿದ್ದರು, ಬರ ಬಿದ್ದಾಗಲೂ ಹೊಲ ಯಾಕೆ ಮಾರಲಿಲ್ಲ, ಎಲ್ಲ ಹೇಳುತ್ತಾರೆ. ದಸರೆಗೆ ಹೋದರೆ ಇದು ಸಿಗಲ್ಲ.

ಅಜ್ಜಿಗೆ ಬೇಸಿಗೆ ಅಂದರೆ ವರ್ಷದ ಸಾಮಾನು ಮಾಡಿಡುವ ಕಾಲ. ಹಪ್ಪಳ, ಸಂಡಿಗೆ, ಶಾವಿಗೆ, ಕೆಂಪು ಖಾರ. ಎಲ್ಲಕ್ಕಿಂತ ಮುಖ್ಯ ತೊಗರಿ ಬೇಳೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ವಿಶೇಷ ಅನ್ನುವ ಅಧಿಕೃತ ಗುರುತು, ಸಿಕ್ಕಿತು, ನಮಗೆಲ್ಲ ಹೆಮ್ಮೆ. ಆದರೆ ಅದು ಬೇಳೆ ಆಗುವುದು ಹೇಗೆ ಅಂತ ನೋಡಿದವರು ಈಗ ಕಡಿಮೆ. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಿಂದ ಹಿಡಿದುಕೊಂಡಿರುತ್ತದೆ, ಸುಮ್ನೆ ಬೀಸಿದರೆ ಬಿಡಲ್ಲ, ಕಾಳು ನುಚ್ಚಾಗುತ್ತದೆ. ಅದಕ್ಕೇ ಅಜ್ಜಿ ಎಣ್ಣೆ ಸವರಿ, ರಾತ್ರಿ ರಾಶಿ ಮಾಡಿ ಮುಚ್ಚಿಟ್ಟು, ಆಮೇಲೆ ಮಾಳಿಗೆ ಮೇಲೆ ಹರವುತ್ತಾಳೆ. ಬಿಸಿಲಿಗೆ ಅಂಟು ಸಡಿಲವಾದ ಮೇಲೆಯೇ ಬೀಸುಕಲ್ಲು. ನೀವು ಹೆದರುವ ಆ ಬಿಸಿಲೇ ನಮ್ಮ ವರ್ಷದ ಬೇಳೆ ಮಾಡಿಕೊಡುವುದು.

ಕಷ್ಟ ಇಲ್ಲ ಅಂತ ನಾನು ಹೇಳಲ್ಲ. ಬಿಸಿಲಿಗಿಂತ ನೀರಿನ ಕಷ್ಟ ಜಾಸ್ತಿ. ನಳದ ನೀರು ಯಾವಾಗ ಬರುತ್ತದೋ ಅಂತ ಕಾದು ತುಂಬಿಕೊಳ್ಳಬೇಕು. ಆ ಕೆಲಸವೆಲ್ಲ ಅಮ್ಮನ ತಲೆ ಮೇಲೆ ಬೀಳುತ್ತದೆ. ನಾನಿದ್ದರೆ ಕೊಡ ಹೊರಲು ಒಬ್ಬರು ಹೆಚ್ಚಾಗುತ್ತಾರೆ. ರೈಲಿನದ್ದೂ ಅಷ್ಟೇ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಜೆಯ ಹೊತ್ತಿಗೆ ಸೀಟು ಸಿಗುವುದು ಸುಲಭವಲ್ಲ. ಆದರೆ ರಾಯಚೂರು ದಾಟಿ ಕೃಷ್ಣಾ ಸೇತುವೆ ಬಂದರೆ, ಡಬ್ಬಿಯಲ್ಲಿ ಯಾರೋ ನಮ್ಮ ಭಾಷೆಯಲ್ಲಿ ಜೋರಾಗಿ ಫೋನ್ ಮಾಡುವುದು ಕೇಳಿದರೆ, ನನಗೆ ನಿದ್ದೆ ಹಾರಿಹೋಗುತ್ತದೆ.

ಇನ್ನು ಇಂಟರ್ನ್‌ಶಿಪ್. ಒಂದು ಕೈ ತಪ್ಪಬಹುದು, ನಿಜ. ಆದರೆ ನಾಳೆ ಕೆಲಸಕ್ಕೆ ಸೇರಿದರೆ ಮೇ ತಿಂಗಳಿಡೀ ರಜೆ ಯಾರು ಕೊಡುತ್ತಾರೆ? ಅಜ್ಜಿಗೆ ಈಗಲೇ ಬೀಸುಕಲ್ಲು ತಿರುಗಿಸಲು ಇನ್ನೊಬ್ಬರ ಕೈ ಬೇಕು. ಈ ಸಲವೂ ಟಿಕೆಟ್ ಮಾಡಿಸಿದ್ದೇನೆ.