ಬರುವ ವಾರದ ಸಾಮಾನ್ಯ ಸಭೆ

ನಮ್ಮೂರ ಪುರಸಭೆಯ ಸಾಮಾನ್ಯ ಸಭೆ ಬರುವ ವಾರ ನಡೆಯಲಿದ್ದು, ನೀರಿನ ದರ ಪರಿಷ್ಕರಣೆ, ಸಂತೆ ಮೈದಾನದ ಮಳಿಗೆಗಳ ಹರಾಜು ಮತ್ತು ನಮ್ಮ ಬೀದಿಯ ಒಳಚರಂಡಿ ಕಾಮಗಾರಿ ಕಾರ್ಯಸೂಚಿಯಲ್ಲಿವೆ ಎಂದು ವಾರ್ಡಿನ ಸದಸ್ಯರು ತಿಳಿಸಿದರು. ಹೋದ ಸಲ ಇಂಥದೇ ನಿರ್ಣಯವೊಂದು ನಮಗೆ ಗೊತ್ತಾದದ್ದು ಮನೆಯ ಮುಂದೆ ರಸ್ತೆ ಅಗೆದ ಮೇಲೆ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಕುಡಿಯುವ ನೀರು, ಬೀದಿ ದೀಪ, ಸ್ಮಶಾನವೂ ಸೇರಿದಂತೆ 18 ವಿಷಯಗಳನ್ನು ನಗರಾಡಳಿತಕ್ಕೆ ಒಪ್ಪಿಸಬಹುದೆಂದು 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಆದರೆ ಜನರು ನೇರವಾಗಿ ಮಾತನಾಡಬಹುದಾದ ವಾರ್ಡ್ ಸಮಿತಿಗಳನ್ನು ಅದು ಕಡ್ಡಾಯಗೊಳಿಸಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ಈ ಮಿತಿಯನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು, ಏಕೆಂದರೆ ನಮ್ಮಂಥ ಸಣ್ಣ ಪಟ್ಟಣದವರಿಗೆ ಉಳಿಯುವುದು ಸದಸ್ಯರ ಮೂಲಕ ಹೇಳಿಸುವ ದಾರಿ ಮತ್ತು ಲಿಖಿತ ಮನವಿ ಮಾತ್ರ. ರಾತ್ರಿ ಹನ್ನೊಂದಕ್ಕೆ ನಲ್ಲಿಯ ಮುಂದೆ ಕೊಡ ಹಿಡಿದು ಕೂರುವ ನನ್ನ ತಾಯಿಯಂಥವರ ಮಾತು ದರ ಏರಿಸುವ ಮುನ್ನ ಆ ಸಭಾಂಗಣವನ್ನು ತಲುಪಲೇಬೇಕು.

ಆದ್ದರಿಂದ ಇಂದು ಸಂಜೆ ಮನವಿ ಬರೆದು, ನೆರೆಮನೆಯವರ ಸಹಿ ಪಡೆದಿದ್ದೇನೆ. ಸೋಮವಾರ ಮುಖ್ಯಾಧಿಕಾರಿಗಳ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆಯುತ್ತೇನೆ. ನಮ್ಮ ಬೀದಿಯವರು ಯಾರಾದರೂ ಜೊತೆಗೆ ಬರುವುದಾದರೆ ದಯವಿಟ್ಟು ತಿಳಿಸಿ.